ಐವತ್ತನಾಲ್ಕು ಮೆಟ್ಟಿಲುಗಳ ಹಿರ್ಯಾ

ಇಪ್ಪತ್ತೊಂದನೆಯ ವಯಸ್ಸಿಗೆ ನಿವೃತ್ತನಾದ ಒಬ್ಬನನ್ನು ನಾನು ಬಲ್ಲೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಭೂಗೋಳ ಕಲಿಸಿ, ಕೊನೆಗೆ ಒಂದು ಶಾಲು, ತೆಂಗಿನಕಾಯಿ ಮತ್ತು ನಡೆಯದ ಗೋಡೆ ಗಡಿಯಾರ ಪಡೆದು ಮನೆಗೆ ಬಂದವಳು ನಾನು. ಅವನ ನಿವೃತ್ತಿಗೆ ಅಂಥದ್ದೇನೂ ಇರಲಿಲ್ಲ. ಅಂಗಿಯ ಜೇಬಿನ ಮೇಲೆ ಎರಡು ವರ್ಷದಿಂದ ಅಂಟಿಕೊಂಡಿದ್ದ ಕಪ್ಪು ಬಿಲ್ಲೆಯನ್ನು ತೆಗೆದಿಟ್ಟ, ಮುಗಿಯಿತು. ಕಳೆದ ವಾರ ಆ ಬಿಲ್ಲೆಯಿಲ್ಲದೆ ನನ್ನ ಮೊಬೈಲಿನಲ್ಲಿ ಪ್ರತ್ಯಕ್ಷನಾದಾಗ ನನಗೆ ಅವನ ಗುರುತೇ ಹತ್ತಲಿಲ್ಲ. ಅವ್ವನಿಗೆ ಮಾತ್ರ ಅರೆಕ್ಷಣವೂ ಬೇಕಾಗಲಿಲ್ಲ. "ನಮ್ಮ ಹಿರ್ಯಾ," ಎಂದು ಫೋನು ಕಸಿದುಕೊಂಡರು.

ಅವ್ವ ಎಂದರೆ ನನ್ನ ಅತ್ತೆ. ವಿಜಯಪುರದ ಕಡೆಯವರು, ಎಂಬತ್ತಾರು ದಾಟಿದವರು. ನನ್ನ ಯಜಮಾನರು ಹೋದ ಮೇಲೆ ಜೋಗೇಶ್ವರಿಯ ಈ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಅತ್ತೆ ಸೊಸೆ ಇಬ್ಬರೇ ಇರುವುದು. ಒಬ್ಬರ ಮಾತು ಒಬ್ಬರು ಕೇಳದೆ ಬಹಳ ಅನ್ಯೋನ್ಯವಾಗಿದ್ದೇವೆ. ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ನಾನು ಸೊಸೈಟಿಯ ಸೆಕ್ರೆಟರಿ. ಲಿಫ್ಟ್ ಬೇಕೆಂದು ಪ್ರತಿ ವರ್ಷ ಠರಾವು ಬರೆಯುತ್ತೇನೆ, ಕೆಳಗಿನ ಮನೆಗಳವರು ಪ್ರತಿ ವರ್ಷ ಅದನ್ನು ಬೀಳಿಸುತ್ತಾರೆ.

ನಮ್ಮ ಎದುರಿನ ಫ್ಲ್ಯಾಟನ್ನು ಅದರ ಮಾಲೀಕರು ಇಬ್ಬರು ಹುಡುಗರಿಗೆ ಬಾಡಿಗೆ ಕೊಡುತ್ತೇವೆ ಎಂದಾಗ ಮೊದಲು ಅಡ್ಡಗಾಲು ಹಾಕಿದವಳು ನಾನೇ. ಮುಂಬೈಯಲ್ಲಿ ಹುಲಿಗೆ ಬೇಕಾದರೂ ಬಾಡಿಗೆ ಮನೆ ಸಿಕ್ಕೀತು, ಬ್ಯಾಚಲರ್‌ಗೆ ಸಿಗಬಾರದು ಎಂಬುದು ಸೊಸೈಟಿಗಳ ಅಲಿಖಿತ ಕಾನೂನು. ಅದರಲ್ಲೂ ಒಬ್ಬ ವಿದೇಶಿ, ಮೇಲಾಗಿ ಧರ್ಮದ ಕೆಲಸಕ್ಕೆ ಬಂದವರು. ಮಾರ್ಮನ್ ಎಂಬ ಕ್ರೈಸ್ತ ಪಂಥದವರಂತೆ. ಅವರಲ್ಲಿ ಹತ್ತೊಂಬತ್ತು ಇಪ್ಪತ್ತರ ಮಕ್ಕಳು ಎರಡು ವರ್ಷ ಮನೆ ಬಿಟ್ಟು, ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಿ ಸೇವೆ ಮಾಡಿ ಬರುವುದು ವಾಡಿಕೆಯಂತೆ. ನಮ್ಮ ಕೆಳಗಿನ ಮಹಡಿಯ ಶೆಟ್ಟರು ಸೊಸೈಟಿಯ ಚೇರ್ಮನ್, ಸಾಂತಾಕ್ರೂಜ್ ಸ್ಟೇಷನ್ ಹತ್ತಿರ ಅವರದೊಂದು ಉಡುಪಿ ಹೋಟೆಲು. ಅವರು ಫೈಲು ಮಗುಚಿ ಹೇಳಿದರು: "ಕಾಗದಪತ್ರ ಎಲ್ಲ ಸರಿ ಉಂಟು ಟೀಚರೇ, ಪೊಲೀಸ್ ವೆರಿಫಿಕೇಶನ್ ಕೂಡ ಆಗಿದೆ. ಬೇಡ ಅಂತ ಬರೀಲಿಕ್ಕೆ ಎಂತ ಕಾರಣ ಕೊಡುವುದು ಮಾರಾಯ್ರೆ?" ನನಗೆ ಕಾರಣ ಹೊಳೆಯಲಿಲ್ಲ. ಸಹಿ ಹಾಕಿದೆ.

ಜೂನ್ ತಿಂಗಳ ಮೊದಲ ಮಳೆಯಲ್ಲಿ ಬಂದರು. ಒಬ್ಬ ಆಂಧ್ರದ ಸಣಕಲು ಹುಡುಗ. ಇನ್ನೊಬ್ಬ ಮೆಟ್ಟಿಲು ಹತ್ತಿ ಬಂದಾಗ ನಮ್ಮ ಮಹಡಿಯ ಬೆಳಕೇ ಅಡ್ಡವಾಯಿತು. ಆರಡಿ ಮೀರಿದ ಎತ್ತರ, ಗೋದ್ರೇಜ್ ಕಪಾಟಿನಷ್ಟು ಅಗಲ, ಬಿಳಿ ಅಂಗಿ, ಟೈ, ಎರಡೂ ಸೂಟ್‌ಕೇಸು ಒಂದೇ ಕೈಯಲ್ಲಿ. ಮುಖ ಮಾತ್ರ ಐದನೇ ಇಯತ್ತೆಯ ಹುಡುಗನದು. ಎದೆಯ ಬಿಲ್ಲೆಯ ಮೇಲೆ ಅಡ್ಡಹೆಸರು, ಅದಕ್ಕೂ ಮುಂಚೆ 'ಎಲ್ಡರ್' ಎಂದಿತ್ತು. ಅದು ಅವರಲ್ಲಿ ಇಂಥ ಹುಡುಗರಿಗೆಲ್ಲ ಕೊಡುವ ಬಿರುದು, ಹಿರಿಯ ಎಂದರ್ಥ. ನನಗಾಗ ಅರವತ್ತೆರಡು. ಅವ್ವನಿಗೆ ಅರ್ಥ ಹೇಳಿದೆ. ಅವರು ಮೇಲಿಂದ ಕೆಳಗೆ ಅವನನ್ನು ಅಳೆದು, "ಬಾರಪ್ಪಾ ಹಿರ್ಯಾ," ಎಂದರು. ಅಂದಿನಿಂದ ಬಿಲ್ಡಿಂಗಿಗೆಲ್ಲ ಅವನು ಹಿರ್ಯಾ ಆದ. ನಾನೂ ಇಲ್ಲಿ ಅದೇ ಹೆಸರಿನಲ್ಲಿ ಕರೆಯುತ್ತೇನೆ.

ಊರು ಟೋಂಗಾ. ಅವ್ವ ತಮ್ಮೂರಿನ ಟಾಂಗಾ ಕುದುರೆಗಾಡಿಯನ್ನು ನೆನೆಸಿಕೊಂಡು ಖುಷಿಪಟ್ಟರು. ಭೂಗೋಳದ ಟೀಚರ್ ಆದ ನಾನು ಗುಟ್ಟಾಗಿ ಒಳಗೆ ಹೋಗಿ ಅಟ್ಲಾಸ್ ತೆರೆದೆ. ಶಾಂತಸಾಗರದ ನಟ್ಟನಡುವೆ ಒಗ್ಗರಣೆಯ ಸಾಸಿವೆ ಸಿಡಿದಂತೆ ನಾಲ್ಕು ಚುಕ್ಕಿ.

ಮೊದಲ ದಿನವೇ ಎರಡು ಅವಮಾನ ಮಾಡಿದ. ಚಹಾಕ್ಕೆ ಕರೆದರೆ ಚಹಾ ಕುಡಿಯುವುದಿಲ್ಲ ಎಂದ. ಕಾಫಿ ಎಂದೆ, ಅದೂ ಇಲ್ಲವಂತೆ. ಅವರ ಧರ್ಮದಲ್ಲಿ ಎರಡೂ ವರ್ಜ್ಯ. "ಮನೀಗ್ ಬಂದಾವ ಚಾ ಒಲ್ಲೆ ಅಂದ್ರ ಮನೀನ ಒಲ್ಲೆ ಅಂದಂಗ," ಎಂದು ಅವ್ವ ಮುಖ ಸಿಂಡರಿಸಿದರು. ಸರಿ, ಹಾಲಾದರೂ ಕುಡಿ, ಒಳಗೆ ಬಾ ಎಂದೆ. ಹೊಸ್ತಿಲಲ್ಲೇ ನಿಂತ. ಬಾಗಿಲಲ್ಲಿ ತಲೆ ತಗ್ಗಿಸಬೇಕಲ್ಲ ಎಂದು ಅಳುಕುತ್ತಿದ್ದಾನೆ ಅಂದುಕೊಂಡೆ. ಅಲ್ಲ. "ಆಂಟೀಜಿ, ಮಾಫ್ ಕರೋ," ಎಂದು ಕೈಮುಗಿದು, ತರಬೇತಿಯಲ್ಲಿ ಕಲಿತ ಬಿಗಿ ಹಿಂದಿಯಲ್ಲಿ ವಿವರಿಸಿದ: ಹೆಂಗಸರು ಮಾತ್ರ ಇರುವ ಮನೆಯೊಳಗೆ ಅವರು ಕಾಲಿಡುವಂತಿಲ್ಲ, ನಿಯಮ.

ಅವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಿದಾಗ ಅವರು ನಕ್ಕ ನಗು ಶೆಟ್ಟರ ಮನೆಯವರೆಗೆ ಕೇಳಿಸಿತು. "ಎಂಬತ್ತಾರು ವರ್ಷದಾಕಿ ನಾನು. ನನ್ನ ಕಂಡು ಅಂಜತಾನಲ್ಲೇ ಇವ." ನಗು ಮುಗಿದ ಮೇಲೆ ಮತ್ತೆ ಹೇಳಿದರು: "ಅಂಜ್ಲಿ ಬಿಡು. ನಾಕ್ ವರ್ಷ ಆತು ನನ್ನ ಯಾರೂ ಹೆಣ್ಣಂತ ಲೆಕ್ಕಕ್ಕ ಹಿಡದಿಲ್ಲ." ಅವನ ಮೇಲಿನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ನಾಲ್ಕು ವರ್ಷದ ಕಥೆ ಇಷ್ಟು. ಅವ್ವನ ಮೊಣಕಾಲು ಹಿಡಿದುಕೊಂಡಿತ್ತು. ಒಮ್ಮೆ ಆಸ್ಪತ್ರೆಗೆ ಒಯ್ಯಲು ನಾಲ್ವರು ಗಂಡಸರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿಯ ಕಾಲು ಮುರಿಯಿತು. ಏಟು ಹೆಚ್ಚೇನೂ ಆಗಲಿಲ್ಲ, ಭಯ ಆಯಿತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾರೆ. ಆದರೆ ಮೆಟ್ಟಿಲು ಕಂಡರೆ ಬಾವಿ ಕಂಡಂತೆ ಹಿಂಜರಿಯುತ್ತಾರೆ. ಅಂದಿನಿಂದ ಅವರು ನೆಲ ಮುಟ್ಟಿರಲಿಲ್ಲ.

ಹೀಗೆ, ಹೊರಗೆ ಹೋಗಲಾರದ ಇವರು ಹೊಸ್ತಿಲ ಒಳಗೆ ಕುರ್ಚಿಯಲ್ಲಿ, ಒಳಗೆ ಬರಲಾರದ ಅವನು ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ. ಅವರಿಬ್ಬರ ಸ್ನೇಹ ಪೂರ್ತಿ ನಡೆದದ್ದು ಆ ಮೂರಡಿ ಜಾಗದಲ್ಲಿ.

ಅವನ ದಿನಚರಿ ಬಿಲ್ಡಿಂಗಿಗೆಲ್ಲ ಬಾಯಿಪಾಠವಾಗಿತ್ತು. ಬೆಳಿಗ್ಗೆ ಆರೂವರೆಗೆ ಏಳಬೇಕು, ಎದ್ದ ಕೂಡಲೇ ವ್ಯಾಯಾಮ. ಹಿರ್ಯಾ ಹಗ್ಗ ಹಿಡಿದು ಜಿಗಿದ ಮೊದಲ ದಿನ ಶೆಟ್ಟರು ಲುಂಗಿಯಲ್ಲೇ ಮೇಲೆ ಓಡಿ ಬಂದರು. "ಭೂಕಂಪ ಅಂತ ಹೆಂಡತಿಯನ್ನು ಕೂಡ ಎಬ್ಬಿಸಿದೆ ಮಾರಾಯ್ರೆ. ನನ್ನ ಫ್ಯಾನು ಅಲ್ಲಾಡ್ತಾ ಉಂಟು." ಮರುದಿನದಿಂದ ಅವನು ಟೆರೇಸಿಗೆ ಹೋಗಿ ಜಿಗಿದ, ನಾಲ್ಕನೇ ಮಹಡಿಯವರು ದೂರು ಕೊಟ್ಟರು. ಕೊನೆಗೆ ಅಂಗಳದಲ್ಲಿ, ವಾಚ್‌ಮನ್ ಕ್ಯಾಬಿನ್ ಪಕ್ಕದಲ್ಲಿ ಜಾಗ ಗೊತ್ತಾಯಿತು. ಆಮೇಲೆ ಓದು, ಪ್ರಾರ್ಥನೆ, ಹಿಂದಿ ಪಾಠ. ಹತ್ತಕ್ಕೆ ಇಬ್ಬರೂ ಹೊರಗೆ. ಸ್ಲೋ ಲೋಕಲ್ ಹಿಡಿದು, ಯಾರು ಬನ್ನಿ ಎನ್ನುತ್ತಾರೋ ಅವರ ಮನೆಗೆ. ಎಂಥ ಸೆಖೆಯಲ್ಲೂ ಟೈ ಸಡಿಲಿಸುತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ವಾಪಸು, ಹತ್ತೂವರೆಗೆ ದೀಪ ಆರುತ್ತಿತ್ತು. ನನ್ನ ಶಾಲೆಯ ಯಾವ ಹೆಡ್‌ಮಾಸ್ಟರರೂ ಇಷ್ಟು ವೇಳೆಗೆ ಸರಿಯಾಗಿ ಬದುಕಿದ್ದನ್ನು ನಾನು ಕಂಡಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿರಲಿಲ್ಲ. ಜೊತೆಗಾರ ಕಣ್ಣಿಗೆ ಕಾಣುತ್ತಿರಬೇಕು, ಕೂಗಿದರೆ ಕೇಳುತ್ತಿರಬೇಕು. ಹಿರ್ಯಾ ಹಾಲಿನ ಪ್ಯಾಕೆಟ್ ತರಲು ಹೊರಟರೆ ಆಂಧ್ರದ ಹುಡುಗ ಹಲ್ಲುಜ್ಜುತ್ತಲೇ ಹಿಂದೆ ಓಡುತ್ತಿದ್ದ. "ಗಂಡ ಹೆಂಡತಿಯೂ ಹೀಗಿರಲಿಕ್ಕಿಲ್ಲ," ಎಂದು ನಾನು ಕಾಡಿಸಿದರೆ ಹಿರ್ಯಾ, "ಗಂಡ ಹೆಂಡತಿಗೆ ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಆಗೋದಿಲ್ಲ, ಆಂಟೀಜಿ," ಎಂದ.

ಅದು ಅವರ ಬದುಕಿನ ಇನ್ನೊಂದು ನಿಯಮ. ಆರು ವಾರಕ್ಕೊಮ್ಮೆ ಶನಿವಾರ ಫೋನು ಬರುತ್ತದೆ. ಹೆಸರು ಬಂದರೆ ಮೂರು ದಿನದಲ್ಲಿ ಗಂಟುಮೂಟೆ ಕಟ್ಟಿ ಬೇರೆ ಊರಿಗೆ. ಬರದಿದ್ದರೆ ಇನ್ನಾರು ವಾರ. ಹೋಗುವವನು ಬರುವವನಿಗಾಗಿ ಎಲ್ಲವನ್ನೂ ಬರೆದಿಟ್ಟು ಹೋಗಬೇಕು: ಯಾರ ಮನೆ ಎಲ್ಲಿ, ಯಾರಿಗೆ ಏನು ಕಾಯಿಲೆ, ಯಾರ ನಾಯಿ ಕಚ್ಚುತ್ತದೆ. "ನಮ್ಮ ಮನೆ ಬಗ್ಗೆ ಏನು ಬರೆದಿದ್ದೀ?" ಎಂದು ನಾನೊಮ್ಮೆ ಕೇಳಿದೆ. "ನಾಯಿ ಇಲ್ಲ, ಸೆಕ್ರೆಟರಿ ಇದ್ದಾರೆ," ಎಂದ. ಅಂಥ ಪೋಕರಿ.

ಮತಾಂತರದ ಮಾತನ್ನು ಸೆಕ್ರೆಟರಿಯಾಗಿ ನಾನು ಮೊದಲೇ ಎತ್ತಿದ್ದೆ. ಕೇಳಿದವರಿಗೆ ಮಾತ್ರ ಹೇಳುತ್ತೇವೆ ಎಂದ, ಹಾಗೇ ನಡೆದುಕೊಂಡ. ನಿಜ ಹೇಳಬೇಕೆಂದರೆ ನಮ್ಮ ಮಹಡಿಯಲ್ಲಿ ಒಂದೇ ಒಂದು ಮತಾಂತರ ನಡೆಯಿತು, ಅದನ್ನು ಮಾಡಿದವರು ಅವ್ವ. ಜೋಳದ ರೊಟ್ಟಿಗೆ ಅವನನ್ನು ಸೇರಿಸಿಕೊಂಡರು. ಹೊಸ್ತಿಲ ಮೇಲಿಂದ ದಾಟಿಸಿದ ತಟ್ಟೆಯಲ್ಲಿ ಹನ್ನೊಂದು ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಮುಗಿಸಿ ಅವನು "ಸಾಕ್ರಿ ಯವ್ವಾ" ಎಂದಾಗ ಅವ್ವನಿಗೆ ಆಕಾಶಕ್ಕೆ ಮೂರೇ ಗೇಣು. ಅವನ ಕನ್ನಡವೆಲ್ಲ ಅವರಿಂದ ಕಲಿತದ್ದು, ಅಪ್ಪಟ ವಿಜಯಪುರದ್ದು. ನಮ್ಮ ಬಿಲ್ಡಿಂಗಿನ ಕನ್ನಡದ ಮಕ್ಕಳು "ಅಜ್ಜಿ ಕೈಸೇ ಹೋ" ಎನ್ನುವಾಗ ಟೋಂಗಾದ ಹುಡುಗ "ಆರಾಮ ಅದೀರಿಲ್ರೀ" ಎನ್ನುತ್ತಿದ್ದ.

ಗಣಪತಿ ಹಬ್ಬ ಮುಗಿದ ವಾರ ಶೆಟ್ಟರು ಒಂದು ಸುದ್ದಿ ತಂದರು. ಗ್ರಾಂಟ್ ರೋಡಿನಲ್ಲಿ ಅವ್ವ ಮದುವೆಯಾಗಿ ಬಂದು ಮೂವತ್ತು ವರ್ಷ ಬಾಳಿದ ಚಾಳು ಖಾಲಿಯಾಗುತ್ತಿದೆ, ದೀಪಾವಳಿ ಮುಗಿದ ಕೂಡಲೇ ಒಡೆಯುತ್ತಾರೆ. ಅವ್ವ ಕೇಳಿದ ಕೂಡಲೇ, "ನನ್ನ ಬೀಸೂಕಲ್ಲು?" ಎಂದರು.

ಮದುವೆಯಲ್ಲಿ ಅವರ ತಂದೆ ಕೊಟ್ಟ ಬೀಸುಕಲ್ಲು ಅದು. ವಿಜಯಪುರದಿಂದ ರೈಲಿನಲ್ಲಿ ತಂದದ್ದು. ಜೋಗೇಶ್ವರಿಗೆ ಬರುವಾಗ ಮೂರನೇ ಮಹಡಿಗೆ ಕಲ್ಲು ಯಾರು ಹೊರುತ್ತಾರೆ ಎಂದು ಚಾಳಿನ ಮೆಟ್ಟಿಲ ಕೆಳಗೆ, ಬೇರೆಯವರ ಐದಾರು ಕಲ್ಲುಗಳ ಜೊತೆ ಬಿಟ್ಟು ಬಂದಿದ್ದರು. ನಾನು ಹೋಗಿ ತರುತ್ತೇನೆ ಎಂದೆ. "ನಿನಗ ಹ್ಯಾಂಗ ಗೊತ್ತಾಗತೈತಿ ಯಾವದು ನಂದಂತ? ಮುಟ್ಟಿದ್ರ ನನ್ನ ಕೈಗಷ್ಟ ಗೊತ್ತು," ಎಂದರು. ನಾನು ಫೋಟೋ ತೆಗೆದು ತರಲೇ ಎಂದಾಗ ನನ್ನತ್ತ ನೋಡಿದ ನೋಟವನ್ನು ಬರೆಯುವುದು ಬೇಡ. ಮೂವತ್ತು ವರ್ಷ ದಿನಾ ಬೆಳಿಗ್ಗೆ ತಿರುವಿದ ಕಲ್ಲು ಒಡೆದ ಗೋಡೆಗಳ ರಾಶಿಯಲ್ಲಿ ಹೂತು ಹೋಗುತ್ತದೆಂಬ ಯೋಚನೆಗೆ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಿರ್ಯಾನಿಗೆ ವಿಷಯ ತಿಳಿಯಿತು. ಗ್ರಾಂಟ್ ರೋಡು ಅವನಿಗೆ ಗೊತ್ತುಮಾಡಿದ ಏರಿಯಾದ ಹೊರಗಿತ್ತು, ಅಲ್ಲಿಗೆ ಅವನು ಬರುವಂತಿರಲಿಲ್ಲ. "ಗೇಟ್ ತನಕ ನನ್ನ ಏರಿಯಾ," ಎಂದ. ಗೇಟಿನಿಂದಾಚೆ ಕರೆದೊಯ್ಯಲು ಶೆಟ್ಟರು ಒಪ್ಪಿದರು. ಉಳಿದದ್ದು ಐವತ್ತನಾಲ್ಕು ಮೆಟ್ಟಿಲು.

ಸೋಮವಾರ ಅವರಿಗೆ ಬಿಡುವಿನ ದಿನ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ಫೋನು ಮಾಡುವುದು ಎಲ್ಲ ಅಂದೇ. ಆ ಸೋಮವಾರ ಸರಿಯಾಗಿ ಹತ್ತಕ್ಕೆ ಹಿರ್ಯಾ ನಮ್ಮ ಬಾಗಿಲ ಮುಂದಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕೂತ. ಜೊತೆಗಾರ ಕೆಳಗಿನ ತಿರುವಿನಲ್ಲಿ. "ಯವ್ವಾ, ಹತ್ರೀ," ಎಂದ. ಬೆನ್ನ ಮೇಲೆ ಹೊತ್ತು ಇಳಿಸುತ್ತೇನೆ ಎಂಬ ಅರ್ಥ.

"ಹೆಣಾ ಹೊತ್ತಂಗ ನನ್ನ ಹೊರೂದ್ ಬ್ಯಾಡ," ಎಂದು ಅವ್ವ ಬಾಗಿಲು ಹಾಕಿಕೊಂಡರು. ಅವನು ಏಳಲಿಲ್ಲ. ಹನ್ನೊಂದರವರೆಗೆ ಕೂತು ಹೋದ. ಮುಂದಿನ ಸೋಮವಾರವೂ ಹತ್ತರಿಂದ ಹನ್ನೊಂದು. ಒಂದು ಮಾತೂ ಒತ್ತಾಯ ಮಾಡಲಿಲ್ಲ. ಅವ್ವ ಬಾಗಿಲ ಕಿಂಡಿಯಿಂದ ಮೂರು ಸಲ ಇಣುಕಿ ನೋಡಿದ್ದನ್ನು ನಾನು ನೋಡಿದೆ.

ಅಂದು ಅವನು ಏಳುವ ಮುಂಚೆ ಒಂದು ವಿಷಯ ಹೇಳಿದ, ಬಾಗಿಲ ಕಡೆ ತಿರುಗದೆ, ನನಗೆ ಹೇಳುವಂತೆ. ಅವನ ಅಜ್ಜಿಯನ್ನು ಅವನೇ ಹೊತ್ತು ತಿರುಗಿಸುತ್ತಿದ್ದನಂತೆ. ಚರ್ಚಿಗೆ, ಸಮುದ್ರಕ್ಕೆ, ನೆಂಟರ ಮನೆಗೆ, ಹದಿನಾಲ್ಕನೆಯ ವಯಸ್ಸಿನಿಂದ. ಊರಲ್ಲಿ ಎಲ್ಲರೂ ಹೊಗಳುತ್ತಿದ್ದರು. "ನಾನು ಎತ್ತಿ ಎತ್ತಿ ಅವಳಿಗೆ ನಡೆಯೋದು ಮರೆತುಹೋಯ್ತು. ನಾನು ಇಂಡಿಯಾಕ್ಕೆ ಹೊರಟ ದಿನ ಅವಳಿಗೆ ಬಾಗಿಲ ತನಕ ಬರೋಕೆ ಆಗಲಿಲ್ಲ," ಎಂದ. ಆ ದೊಡ್ಡ ಬೆನ್ನು ಸ್ವಲ್ಪ ಕುಗ್ಗಿದಂತೆ ಕಂಡಿತು. ನಾನು ಇದನ್ನು ಕನ್ನಡ ಮಾಡಿ ಒಳಗೆ ಹೇಳಿದೆ.

ಮೂರನೇ ಸೋಮವಾರ ಒಂಬತ್ತೂವರೆಗೇ ಅವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಚೀಲ ಹಿಡಿದು ಕೂತಿದ್ದರು. ಅವನು ಬಂದು ಬೆನ್ನು ಕೊಟ್ಟ. ಅವರು ಅವನ ಭುಜದ ಮೇಲೆ ಒಂದು ಕೈ ಇಟ್ಟರು, ಆಮೇಲೆ ಇನ್ನೊಂದು. "ಇದೇನ್ ಬೆನ್ನೋ, ಗೋಳಗುಮ್ಮಟದ ಗ್ವಾಡಿಯೋ," ಎಂದರು. ಅವನು ಎದ್ದ. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತ ಹಿಂದೆ ಇಳಿದೆ. ಎಂಟು ಮೆಟ್ಟಿಲು ಇಳಿದವನು ನಿಂತ, ಉಸ್ ಎಂದು ಏದುಸಿರುಬಿಟ್ಟು, "ಸುಸ್ತಾತ್ರಿ ಯವ್ವಾ," ಎಂದು ಅವರನ್ನು ಅಲ್ಲೇ ಇಳಿಸಿಬಿಟ್ಟ. ತಿರುವಿಗೆ ಒಂದೇ ಮೆಟ್ಟಿಲು ಉಳಿದಿತ್ತು. ಬೇರೆ ದಾರಿಯಿಲ್ಲದೆ ಅವ್ವ ಕಟಕಟೆ ಹಿಡಿದು ಆ ಒಂದನ್ನು ತಾವೇ ಇಳಿದರು. ಇಳಿದ ಮೇಲೆ ತಾವು ಮಾಡಿದ್ದೇನೆಂದು ಗೊತ್ತಾಗಿ ಕಾಲನ್ನೇ ನೋಡುತ್ತ ನಿಂತರು.

ಮೇಲೆ ಬರುವಾಗ ಹೊತ್ತು ತಂದ. ಹೊತ್ತವನ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಅದನ್ನು ನೋಡಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ, ಅಷ್ಟು ಖುಷಿಯಲ್ಲಿದ್ದೆ.

ಆಮೇಲೆ ಸೋಮವಾರ ಹತ್ತು ಗಂಟೆ ಎಂದರೆ ಬಿಲ್ಡಿಂಗಿಗೆ ಕ್ರಿಕೆಟ್ ಮ್ಯಾಚು. ನಾಲ್ಕನೇ ವಾರ ಎರಡನೇ ಮಹಡಿಯವರೆಗೆ. ಕೊನೆಯ ಆರು ಮೆಟ್ಟಿಲು ಬಾಕಿ ಇರುವಾಗ ಹಿರ್ಯಾನಿಗೆ ಸುಸ್ತಾಯಿತು. ಐದನೇ ವಾರ ಮೊದಲ ಮಹಡಿಯವರೆಗೆ. ಅರ್ಧ ದಾರಿಯಲ್ಲೇ ಸುಸ್ತಾಯಿತು. ಎಲ್ಲರ ಬಾಗಿಲೂ ತೆರೆದಿರುತ್ತಿತ್ತು. ಮೊದಲ ಮಹಡಿಯ ಮರಾಠಿ ಹೆಂಗಸರು ಎಣಿಸುವವರು, ಶೆಟ್ಟರ ಹೆಂಡತಿ ತುಳುವಿನಲ್ಲಿ ಹುರಿದುಂಬಿಸುವವರು, ಪ್ರತಿ ಮಹಡಿಯಲ್ಲೂ ಕೂರಲು ಒಂದೊಂದು ಸ್ಟೂಲು. ನಾನು ಹಿರ್ಯಾನನ್ನು ಬೈದೆ: "ಎರಡು ಗ್ಯಾಸ್ ಸಿಲಿಂಡರ್ ಎರಡು ಕೈಯಲ್ಲಿ ಹಿಡಿದು ನಾಲ್ಕನೇ ಮಹಡಿಗೆ ಹತ್ತುತ್ತೀ, ನಲವತ್ತು ಕಿಲೋ ಮುದುಕಿಗೆ ಸುಸ್ತಾಗುತ್ತದೆಯೇನೋ?" ಅವನು ಎದೆ ಹಿಡಿದುಕೊಂಡು, "ರೊಟ್ಟಿ ಕಡಿಮೆ ಆತು," ಎಂದ. ಅವ್ವ ಮರುವಾರದಿಂದ ಎರಡು ರೊಟ್ಟಿ ಹೆಚ್ಚಿಗೆ ಮಾಡಿಸಿದರು. ಮೇಲಾಗಿ ಹಿರ್ಯಾ ಅವ್ವನಿಗೆ ಹೋಮ್‌ವರ್ಕ್ ಬೇರೆ ಕೊಟ್ಟಿದ್ದ: ಟಿವಿ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಹತ್ತು ಸಲ ಕುರ್ಚಿಯಿಂದ ಎದ್ದು ಕೂರಬೇಕು. ನಮ್ಮ ಚಾನೆಲ್ಲುಗಳ ದಯೆಯಿಂದ ದಿನಕ್ಕೆ ಇನ್ನೂರು ಸಲವಾದರೂ ಆಗುತ್ತಿತ್ತು.

ಆರನೇ ಸೋಮವಾರ ಗೇಟು ಮುಟ್ಟುವುದೆಂದು ಲೆಕ್ಕ. ದೀಪಾವಳಿಗೆ ಎರಡು ವಾರವಿತ್ತು. ಶೆಟ್ಟರು ಹೋಟೆಲಿಗೆ ರಜೆ ಹೇಳಿ ಗೇಟಿಗೆ ಟ್ಯಾಕ್ಸಿ ಕರೆಸಿಟ್ಟಿದ್ದರು.

ಅದಕ್ಕೂ ಮುಂಚಿನ ಶನಿವಾರ ಫೋನು ಬಂತು. ಹಿರ್ಯಾನಿಗೆ ವರ್ಗ. ಮಂಗಳವಾರ ಬೆಳಿಗ್ಗೆ ರೈಲು, ಹೈದರಾಬಾದಿಗೆ.

ಸೋಮವಾರ ಹತ್ತಕ್ಕೆ ಬಂದೇ ಬಂದ. ಅವ್ವನೂ ಸೀರೆ ಉಟ್ಟು ತಯಾರಿದ್ದರು, ಆದರೆ ತುಟಿ ಬಿಗಿದಿದ್ದರು. ಒಂಬತ್ತು ಮೆಟ್ಟಿಲಿಗೇ ಅವನಿಗೆ ಸುಸ್ತಾಯಿತು. ಅವ್ವ ಇಳಿಯುತ್ತ ಹೋದರು. ಕಟಕಟೆಯ ಮೇಲೆ ಕೈ, ಎಡಗಾಲು ಮೊದಲು, ಬಲಗಾಲು ಪಕ್ಕಕ್ಕೆ. ಮೂವತ್ತಾರು ಮೆಟ್ಟಿಲು ಸ್ವತಃ ಇಳಿದರು. ಕೊನೆಯ ತಿರುವಿನಲ್ಲಿ ಸ್ಟೂಲಿನ ಮೇಲೆ ಕೂತರು. ಗೇಟು ಕಾಣುತ್ತಿತ್ತು, ಟ್ಯಾಕ್ಸಿಯ ಹಳದಿ ಮಾಡು ಕಾಣುತ್ತಿತ್ತು. ಒಂಬತ್ತು ಮೆಟ್ಟಿಲು ಬಾಕಿ.

"ಸಾಕು, ಮ್ಯಾಲ ನಡೀರಿ," ಎಂದರು ಅವ್ವ.

ನಾನು ಗೋಗರೆದೆ. ಶೆಟ್ಟರು, "ಟ್ಯಾಕ್ಸಿ ನಿಂತಿದೆ ಅಮ್ಮ, ಇಷ್ಟು ಬಂದು ಇನ್ನೆಂತ?" ಎಂದರು. ಅವ್ವ ಹಿರ್ಯಾನ ಮುಖ ನೋಡಿ ಹೇಳಿದರು: "ನಾಳೆ ಹೋಗಾವ ಇವತ್ತ ಎಷ್ಟ್ ಮೆಟ್ಲಾ ಇಳಿಸಿದ್ರ ಏನ್ ಬಂತು? ಮ್ಯಾಲಿನ ವಾರ ಮತ್ತ ನಾನು ಅಲ್ಲೇ, ಕುರ್ಚಿನೂ ಅಲ್ಲೇ. ಮಗಾ ಹಂಗ ಹ್ವಾದ, ನೀನೂ ಹಿಂಗ ಹೊಂಟಿ." ಅವನಿಗೆ ಪೂರ್ತಿ ಅರ್ಥವಾಯಿತು.

ಅವನು ಒತ್ತಾಯಿಸಲಿಲ್ಲ. ಬೆನ್ನು ಕೊಟ್ಟು ಕೂತ, ಹೊತ್ತು ಮೇಲೆ ತಂದ, ಹೊಸ್ತಿಲಲ್ಲಿ ಇಳಿಸಿದ. ಮಂಗಳವಾರ ಬೆಳಿಗ್ಗೆ ಹೊರಡುವಾಗ ಬಾಗಿಲು ತಟ್ಟಿದ, ಅವ್ವ ಏಳಲಿಲ್ಲ. ಕೋಣೆಯ ಕಡೆ ಕೈಮುಗಿದು, "ಹೋಗಿ ಬರ್ತೇನ್ರಿ ಯವ್ವಾ," ಎಂದು ಜೋರಾಗಿ ಹೇಳಿ ಇಳಿದು ಹೋದ. ಬಾಗಿಲ ತನಕ ಬಾರದ ಎರಡನೇ ಅಜ್ಜಿ ಇವರು ಎಂದುಕೊಂಡೆ. ಅವ್ವನ ಮೇಲೆ ಸಿಟ್ಟು ಬಂತು.

ಅವನ ಜಾಗಕ್ಕೆ ಬಂದವನು ಚೆನ್ನೈ ಕಡೆಯ ಕನ್ನಡಕದ ಹುಡುಗ. ಅಂಗಿಯೊಳಗೆ ಹ್ಯಾಂಗರ್ ಇದೆಯೋ ಮನುಷ್ಯನಿದ್ದಾನೋ ಎಂಬಂಥ ಮೈಕಟ್ಟು. ಅವನಿಂದ ನಮಗೇನೂ ಆಗುವ ಹಾಗಿಲ್ಲ ಎಂದು ನಾನು ಲೆಕ್ಕ ಹಾಕಿ ಮುಗಿಸಿದ್ದೆ. ಆದರೆ ಸೋಮವಾರ ಹತ್ತು ಗಂಟೆಗೆ ಬಾಗಿಲು ತಟ್ಟಿದ. ಹಿಂದೆ ಆಂಧ್ರದ ಹುಡುಗ. ಹೊಸಬನ ಕೈಯಲ್ಲಿ ಹಾಳೆಯೊಂದು.

"ಹಿಂದಿನವರು ಬರೆದಿಟ್ಟಿದ್ದಾರೆ ಆಂಟೀ. ಸರಿಯಾಗಿ ಅರ್ಥ ಆಗಲಿಲ್ಲ, ನೀವು ನೋಡ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು ಅಲ್ಲೇ ನಿಂತು, ಅವ್ವನಿಗೆ ಕೇಳುವಂತೆ ಕನ್ನಡದಲ್ಲಿ ಓದಿದೆ. ಎದುರಿನ ಫ್ಲ್ಯಾಟು, ಅಜ್ಜಿ. ಸೋಮವಾರ ಹತ್ತು ಗಂಟೆ. ಎಡಗಾಲು ಮೊದಲು. ಎರಡು ಮೆಟ್ಟಿಲು ಕೆಳಗೆ ನಿಲ್ಲಿ, ಕೈ ಹಿಡಿಯಬೇಡಿ. ಅವರಿಗೆ ಕಾಲು ಇದೆ, ಧೈರ್ಯ ಮಾತ್ರ ಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಮೆಟ್ಟಿಲು ಈಗ ಅವರೇ ಇಳಿಯುತ್ತಾರೆ, ನಾನು ದಣಿದದ್ದರಿಂದ ಎಂದುಕೊಂಡಿದ್ದಾರೆ. ನಾನು ದಣಿಯಲಿಲ್ಲ. ಸುಸ್ತಾಯಿತು ಎಂದು ಸುಳ್ಳು ಹೇಳಿದೆ, ದೇವರಲ್ಲಿ ಕ್ಷಮೆ ಕೇಳಿದ್ದೇನೆ. ನೀವು ಎತ್ತಬೇಡಿ. ಕಾಯಿರಿ.

ಮೊದಲ ದಿನದಿಂದಲೇ ಅವನಿಗೆ ಗೊತ್ತಿತ್ತು, ತಾನು ಇಲ್ಲಿ ಇರುವವನಲ್ಲ ಎಂದು. ಇದ್ದಾಗ ಹೊರುವುದು ಸುಲಭ. ಹೋದ ಮೇಲೆ ಏನು ಎಂದು ಹತ್ತೊಂಬತ್ತರ ಹುಡುಗ ಯೋಚಿಸಿದ್ದ. ಅರವತ್ತೆರಡರ ನನಗೆ ಅದು ಹೊಳೆದಿರಲಿಲ್ಲ.

ಒಳಗಿನಿಂದ ಅವ್ವನ ಮಾತು ಬಂತು. "ಎಲಾ ಕಳ್ಳಾ. ಚಾ ಕುಡಿಯೂದು ಪಾಪ ಅಂತಾನ, ಸುಳ್ಳ ಮಾತ್ರ ರೊಟ್ಟಿ ತಿಂದಷ್ಟ ಸಲೀಸಾಗಿ ಹೇಳ್ಯಾನ." ಸ್ವಲ್ಪ ಹೊತ್ತಿಗೆ ಅವರೇ ಹೊರಬಂದರು. ಮನೆಯಲ್ಲಿ ಉಡುವ ನೂಲಿನ ಸೀರೆಯಲ್ಲೇ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಕುಪ್ಪಸದಲ್ಲಿ ಸಿಕ್ಕಿಸಿಕೊಂಡರು. "ನೀ ಹಿಂದ ಸರಿ," ಎಂದು ನನಗೆ ಹೇಳಿ ಕಟಕಟೆ ಹಿಡಿದರು.

ಕನ್ನಡಕದ ಹುಡುಗ ಎರಡು ಮೆಟ್ಟಿಲು ಕೆಳಗೆ ನಿಂತು, ಬರೆದಂತೆ ಕಾಯ್ದ. ಮುಕ್ಕಾಲು ಗಂಟೆ ಹಿಡಿಯಿತು. ಐವತ್ತನಾಲ್ಕನೆಯ ಮೆಟ್ಟಿಲಿನಿಂದ ಅವ್ವ ಅಂಗಳಕ್ಕೆ ಕಾಲಿಟ್ಟಾಗ ಕೆಳಗಿನ ಮನೆಗಳವರೆಲ್ಲ ಚಪ್ಪಾಳೆ ತಟ್ಟಿದರು, ಲಿಫ್ಟಿನ ಠರಾವು ಬೀಳಿಸುವವರು ಕೂಡ. ಅವ್ವ ಬಾಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಶೆಟ್ಟರ ಎಲ್ಲದಾರ? ಟ್ಯಾಕ್ಸಿ ಕರೀರಿ," ಎಂದರು.

ಅಂದೇ ಗ್ರಾಂಟ್ ರೋಡಿಗೆ ಹೋದೆವು. ಚಾಳಿನ ಬಾಗಿಲುಗಳನ್ನು ಆಗಲೇ ಕಿತ್ತಿದ್ದರು. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಅವ್ವ ಒಂದೊಂದೇ ಕಲ್ಲಿನ ಮೇಲೆ ಅಂಗೈ ಸವರುತ್ತ ಹೋಗಿ ನಾಲ್ಕನೆಯದರ ಮೇಲೆ ನಿಲ್ಲಿಸಿದರು. "ಇದ," ಎಂದರು. ಗೂಟ ಕೂರುವ ತೂತಿನ ಪಕ್ಕ ಅವರ ಹೆಬ್ಬೆರಳು ಸವೆಸಿದ ಒಂದು ಸಣ್ಣ ತಗ್ಗಿತ್ತು. ಅವ್ವನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಶೆಟ್ಟರೂ ಟ್ಯಾಕ್ಸಿಯವನೂ ಏದುಸಿರು ಬಿಡುತ್ತ ಅದನ್ನು ಡಿಕ್ಕಿಗೆ ಹಾಕಿದರು. ಇವರದು ನಿಜವಾದ ಸುಸ್ತು.

ಕಲ್ಲು ಜೋಗೇಶ್ವರಿಗೆ ಬಂತು, ಮೂರನೇ ಮಹಡಿಗೆ ಬರಲಿಲ್ಲ. ಹೊರುವವರಿಲ್ಲ. ಹಿರ್ಯಾ ಇದ್ದಿದ್ದರೆ ಬಗಲಲ್ಲಿ ಇಟ್ಟುಕೊಂಡು ಹತ್ತುತ್ತಿದ್ದ, ಇಲ್ಲದ್ದೇ ಒಳ್ಳೆಯದಾಯಿತು. ಅದೀಗ ವಾಚ್‌ಮನ್ ಕ್ಯಾಬಿನ್ ಪಕ್ಕ, ಅವನು ಹಗ್ಗ ಜಿಗಿಯುತ್ತಿದ್ದ ಜಾಗದಲ್ಲಿದೆ. ಅದರ ಪಕ್ಕ ಕೂರಬೇಕೆಂದರೆ ಅವ್ವ ಇಳಿದು ಬರಬೇಕು. ದಿನಾ ಸಂಜೆ ಬರುತ್ತಾರೆ.

ಕಳೆದ ವಾರ ಅವನ ಫೋನು ಬಂದಾಗಲೂ ನಾವು ಅಲ್ಲೇ ಇದ್ದೆವು. ಟೈ ಇಲ್ಲ, ಸೊಂಟಕ್ಕೆ ಪಂಚೆ ಸುತ್ತಿದ್ದಾನೆ. ಅವರೂರಲ್ಲಿ ಗಂಡಸರ ಉಡುಗೆಯೇ ಅದಂತೆ. "ಈಗ ನೋಡು ಮನಷ್ಯಾನಂಗ ಕಾಣಸ್ತಿ," ಎಂದರು ಅವ್ವ. ಎಲ್ಲಿದ್ದೀರಿ ಯವ್ವಾ ಎಂದು ಅವನು ಕೇಳಿದ. ಅವ್ವ ಫೋನನ್ನು ಗೇಟಿನ ಕಡೆ, ಕಲ್ಲಿನ ಕಡೆ, ತಮ್ಮ ಚಪ್ಪಲಿಯ ಕಡೆ ತಿರುಗಿಸಿದರು. ಆ ಕಡೆಯಿಂದ ಮೂಗು ಸೇದಿದ ಸದ್ದು.

"ಅಳೂದ್ ಸಾಕು. ಹಾಳಿ ನನ್ನ ಹತ್ರನ ಐತಿ, ಕಳ್ಳಾ," ಎಂದರು ಅವ್ವ. "ನಿನ್ನ ಅಜ್ಜಿ ಎಲ್ಲದಾಳ?"

ಅವನು ಫೋನು ತಿರುಗಿಸಿದ. ಮರದ ಮನೆಯ ಜಗುಲಿಯಲ್ಲಿ ದೊಡ್ಡ ಮೈಯ ಮುದುಕಿಯೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಮೂರು ಮೆಟ್ಟಿಲು, ಮೆಟ್ಟಿಲ ಕೆಳಗೆ ಮರಳು. ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆಕೆಯ ಕಾಲನ್ನು, ಆ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿದರು.

"ಮೂರ ಅದಾವು," ಎಂದರು. "ನಿನಗ ಸುಸ್ತಾಗೇತಿ ಅಂತ ಆಕೀಗೆ ಹೇಳೋ, ಹಿರ್ಯಾ."